‘ಬ್ಲೂಟೂತ್ ಐಸಿ ಹೋಗಿದೆ ಮೇಡಂ’ ಅಂದರೆ ಹೆಡ್‌ಫೋನ್ ವಾಪಸ್ ತಗೊಂಡು ಬನ್ನಿ

ಎರಡು ವಾರದಿಂದ ಇದನ್ನು ಬರೆಯಲೋ ಬೇಡವೋ ಅಂತ ಒದ್ದಾಡಿದೆ. ನಾಚಿಕೆಯಾಗುತ್ತಿತ್ತು. ನಾನು ಮಾಡುವುದು ಲೆಕ್ಕಪತ್ರದ ಕೆಲಸ. ಬೇರೆಯವರ ಬಿಲ್‌ನಲ್ಲಿ ಹತ್ತು ರೂಪಾಯಿ ಆಚೀಚೆ ಆದರೂ ಹಿಡಿಯುತ್ತೇನೆ. ಅಂಥವಳು ಬಿಲ್ಲೇ ಇಲ್ಲದೆ 1,950 ರೂಪಾಯಿ ಕೊಟ್ಟು ಬಂದಿದ್ದೇನೆ. ಅದೂ ಒಂದೇ ಅಂಗಡಿಗೆ, ಎರಡು ಸಲ. ಕೆಟ್ಟೇ ಇಲ್ಲದ ಹೆಡ್‌ಫೋನ್‌ಗೆ.

ಇನ್ನೊಮ್ಮೆ ಹೇಳುತ್ತೇನೆ. ಹೆಡ್‌ಫೋನ್ ಕೆಟ್ಟಿರಲಿಲ್ಲ.

ಇದು ಮೈಸೂರಿನಲ್ಲಿ, ದೇವರಾಜ ಅರಸು ರಸ್ತೆಯ ಹತ್ತಿರದ ಒಂದು ಅಡ್ಡರಸ್ತೆಯಲ್ಲಿ ಆದದ್ದು. ಅಂಗಡಿಯ ಹೆಸರು ಹಾಕುವುದಿಲ್ಲ, ದೂರು ಕೊಟ್ಟಿದ್ದೇನೆ, ಅದು ಮುಗಿಯಲಿ. ಅಲ್ಲಿ ಒಳ್ಳೆಯ ಅಂಗಡಿಗಳೂ ಬೇಕಾದಷ್ಟಿವೆ, ಎಲ್ಲರ ಮೇಲೂ ಗೂಬೆ ಕೂರಿಸುವುದು ನನಗೆ ಬೇಡ.

ಎಂಟು ತಿಂಗಳ ಹಿಂದೆ 3,499 ರೂಪಾಯಿಗೆ ಆನ್‌ಲೈನ್‌ನಲ್ಲಿ ತಗೊಂಡಿದ್ದ ಹೆಡ್‌ಫೋನ್ ಅದು. ಮನೆಯಲ್ಲೇ ಕೂತು ಕೆಲಸ ಮಾಡುವುದರಿಂದ ದಿನಕ್ಕೆ ನಾಲ್ಕೈದು ಕಾಲ್ ಇರುತ್ತವೆ, ಎಲ್ಲ ಫೋನ್‌ನಲ್ಲೇ. ಒಂದು ಸೋಮವಾರ ಬೆಳಗ್ಗೆ ಫೋನ್‌ಗೆ ಕನೆಕ್ಟ್ ಆಗುವುದು ನಿಂತೇ ಹೋಯಿತು. ಬ್ಲೂಟೂತ್ ಪಟ್ಟಿಯಲ್ಲಿ ಹೆಸರು ಇದೆ. ಒತ್ತಿದರೆ ಸುತ್ತುತ್ತದೆ, ಸುತ್ತುತ್ತದೆ, ಆಮೇಲೆ ಆಗುವುದಿಲ್ಲ ಅನ್ನುತ್ತದೆ. ಆದರೆ ಹೆಡ್‌ಫೋನ್ ಆನ್ ಮಾಡಿದರೆ ಅದರೊಳಗಿನ ಹೆಣ್ಣುದನಿ ಚೆನ್ನಾಗಿಯೇ ಮಾತಾಡುತ್ತದೆ. ‘ಪವರ್ ಆನ್’. ಎರಡು ಸೆಕೆಂಡ್ ಬಿಟ್ಟು ‘ಕನೆಕ್ಟೆಡ್’.

ಈ ‘ಕನೆಕ್ಟೆಡ್’ ಅನ್ನುವ ಮಾತು ನೆನಪಿರಲಿ.

ವಾರಂಟಿ ಒಂದು ವರ್ಷ ಇತ್ತು. ಆದರೆ ಕೊರಿಯರ್‌ನಲ್ಲಿ ಕಳಿಸಬೇಕು, ವಾಪಸ್ ಬರಲು ಹದಿನೈದು ದಿನ ಅಂದರು. ತಿಂಗಳ ಕೊನೆ, ಕೆಲಸ ತಲೆ ಮೇಲಿತ್ತು. ಅದಕ್ಕೇ ಮಂಗಳವಾರ ಮಧ್ಯಾಹ್ನ ಕುವೆಂಪುನಗರದಿಂದ ಬಸ್ಸು ಹತ್ತಿ ಹೋದೆ.

ಅಂಗಡಿಯಾತ ಮೂವತ್ತು ಮೂವತ್ತೈದರವನು. ಮಾತು ಬಹಳ ನಯ. ನಾನು ಎಲ್ಲ ಹೇಳಿದೆ. ಆನ್ ಮಾಡಿದರೆ ‘ಕನೆಕ್ಟೆಡ್’ ಅನ್ನುತ್ತದೆ, ಆದರೆ ಫೋನ್‌ಗೆ ಕನೆಕ್ಟ್ ಆಗಿರುವುದಿಲ್ಲ ಅಂತ ನನ್ನ ಬಾಯಲ್ಲೇ ಹೇಳಿದೆ. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ. ಈ ಕೆಲಸ ಮಾಡುವ ಯಾರಿಗೇ ಆದರೂ ಆ ಒಂದು ಮಾತು ಸಾಕು. ಆತ ಕಿವಿಗೆ ಹಾಕಿಕೊಂಡ, ಆನ್ ಮಾಡಿದ, ತೆಗೆದ. ಒಂದು ನಿಮಿಷವೂ ಆಗಿರಲಿಲ್ಲ.

“ಬ್ಲೂಟೂತ್ ಐಸಿ ಹೋಗಿದೆ ಮೇಡಂ. ಈ ಮಾಡೆಲ್‌ನಲ್ಲಿ ಕಾಮನ್ನು. 1,350 ಆಗುತ್ತೆ.”

ಐಸಿ ಅಂದರೆ ಒಳಗಿನ ಚಿಪ್. ಜಾಸ್ತಿ ಆಯಿತಲ್ವಾ ಅಂದೆ. “ಹೊಸದಕ್ಕೆ ಮೂರೂವರೆ ಸಾವಿರ ಕೊಡ್ತೀರಾ, ಇಲ್ಲಾ 1,350 ಕೊಡ್ತೀರಾ, ನೀವೇ ಹೇಳಿ” ಅಂದ. ಮೂರು ಗಂಟೆ ಬಿಟ್ಟು ಬರಲು ಹೇಳಿದ.

ಸಂಜೆ ಹೋದಾಗ ಹೆಡ್‌ಫೋನ್ ನನ್ನ ಫೋನ್‌ಗೆ ಕನೆಕ್ಟ್ ಆಯಿತು. ಹಾಡು ಹಾಕಿ ಕೇಳಿಸಿದ. ಆಮೇಲೆ ಅಂಗೈ ಮೇಲೆ ಒಂದು ಚಿಪ್ ಇಟ್ಟು ತೋರಿಸಿದ. ಹೆಸರುಕಾಳಿನಷ್ಟು, ಕಪ್ಪು, ಎರಡೂ ಪಕ್ಕಕ್ಕೆ ಸಣ್ಣ ಸಣ್ಣ ಕಾಲು. “ನೋಡಿ ಮೇಡಂ, ಇದೇ ನಿಮ್ದು. ಬೇಕಿದ್ರೆ ಇಟ್ಕೊಳ್ಳಿ.” ನಾನು ಅದನ್ನು ಟಿಶ್ಯೂನಲ್ಲಿ ಸುತ್ತಿ ಪರ್ಸಿಗೆ ಹಾಕಿಕೊಂಡೆ. ಬಿಲ್ ಕೇಳಿದೆ. “ಬಿಲ್ ಬೇಕಂದ್ರೆ ಜಿಎಸ್‌ಟಿ ಸೇರುತ್ತೆ ಮೇಡಂ, ಸುಮ್ನೆ ಯಾಕೆ?” ಅಂದ. ನಾನೂ ಬಿಟ್ಟೆ. ಯುಪಿಐ ಮಾಡುವಾಗ ಬಂದ ಹೆಸರು ಅಂಗಡಿಯದ್ದಲ್ಲ, ಯಾವುದೋ ವ್ಯಕ್ತಿಯದ್ದು. ಅದನ್ನೂ ನೋಡಿದೆ, ನೋಡಿಯೂ ಕಳಿಸಿದೆ.

ಮನೆಗೆ ಬಂದು ಆನ್ ಮಾಡಿದರೆ ಮತ್ತೆ ಅದೇ ಕಥೆ. ‘ಪವರ್ ಆನ್’, ‘ಕನೆಕ್ಟೆಡ್’. ಫೋನ್‌ನಲ್ಲಿ ಮಾತ್ರ ಆಗುವುದಿಲ್ಲ.

ವಾಟ್ಸ್ಯಾಪ್ ಮಾಡಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಮರುದಿನ ಕಾಲ್ ಮಾಡಿದರೆ “ನಾನು ಕೊಟ್ಟಾಗ ವರ್ಕ್ ಆಗ್ತಿತ್ತಲ್ಲ ಮೇಡಂ?” ಹೌದು, ಆಗುತ್ತಿತ್ತು. ನನ್ನ ಬಳಿ ಅದಕ್ಕೆ ಉತ್ತರ ಇರಲಿಲ್ಲ. ಶನಿವಾರ ಮತ್ತೆ ಹೋದೆ. ಅಂಗಡಿಯಲ್ಲಿ ಆನ್ ಮಾಡಿದ ತಕ್ಷಣ ಫೋನ್‌ಗೆ ಕನೆಕ್ಟ್ ಆಯಿತು! ಹತ್ತು ಜನರ ಮುಂದೆ ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ನನ್ನದೇ ತಪ್ಪೇನೋ ಅಂತ ಕುಗ್ಗಿ ಹೋದೆ. ಆತ ಬಹಳ ಸಮಾಧಾನದಿಂದ, ಮಗುವಿಗೆ ಹೇಳುವ ಹಾಗೆ ಹೇಳಿದ. “ಹೆಡ್‌ಫೋನ್ ಪಕ್ಕಾ ಇದೆ. ನಿಮ್ಮ ಫೋನಿನ ಸಾಫ್ಟ್‌ವೇರ್ ಪ್ರಾಬ್ಲಮ್. 600 ಆಗುತ್ತೆ. ಪಿನ್ ಹೇಳಿ.”

ಪಿನ್ ಹೇಳಿದೆ. ಎಲ್ಲರ ಎದುರಿಗೆ, ಜೋರಾಗಿ. ಬ್ಯಾಂಕಿನ ಆ್ಯಪ್ ಇರುವ ಫೋನ್ ಅದು, ಅಮ್ಮನ ಆಸ್ಪತ್ರೆ ಕಾಗದಗಳ ಫೋಟೋ ಇರುವ ಫೋನ್. ಅದನ್ನು ಪರದೆಯ ಹಿಂದೆ ತಗೊಂಡು ಹೋದ. ಅರ್ಧ ಗಂಟೆ ನಾನು ಸ್ಟೂಲಿನ ಮೇಲೆ ಕೂತಿದ್ದೆ. ದುಡ್ಡು ಹೋದದ್ದಕ್ಕಿಂತ ಈ ಅರ್ಧ ಗಂಟೆಯೇ ಈಗಲೂ ನನ್ನ ನಿದ್ದೆ ಕೆಡಿಸುತ್ತಿದೆ.

ಮನೆಗೆ ಬಂದರೆ ಫೋನ್ ವೈಫೈ ಪಾಸ್‌ವರ್ಡ್ ಕೇಳಿತು. ಮೂರು ವರ್ಷದಿಂದ ಕೇಳದಿದ್ದದ್ದು. ಆಗಲೇ ಅನುಮಾನ ಬಂತು. ಸೆಟ್ಟಿಂಗ್ಸ್‌ನಲ್ಲಿ ಹುಡುಕಿದಾಗ ಸಿಕ್ಕಿತು: ವೈಫೈ, ಮೊಬೈಲ್, ಬ್ಲೂಟೂತ್ ರೀಸೆಟ್ ಅಂತ ಒಂದು ಆಯ್ಕೆ ಇದೆ. ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ಸಿಸ್ಟಮ್ ಒಳಗೆ, ರೀಸೆಟ್ ಆಪ್ಷನ್ಸ್‌ನಲ್ಲಿ. ಅದನ್ನು ಒತ್ತಿದರೆ ಉಳಿಸಿಟ್ಟ ವೈಫೈ ಪಾಸ್‌ವರ್ಡ್, ಬ್ಲೂಟೂತ್ ಪಟ್ಟಿ ಎಲ್ಲ ಅಳಿಸಿ ಹೋಗುತ್ತದೆ. ಒಂದು ನಿಮಿಷದ ಕೆಲಸ. 600 ರೂಪಾಯಿ.

ಇಷ್ಟಾದರೂ ಹೆಡ್‌ಫೋನ್ ಕನೆಕ್ಟ್ ಆಗಲಿಲ್ಲ. ಕುತ್ತಿಗೆಗೆ ನೇತುಹಾಕಿಕೊಂಡು ಅಡುಗೆಮನೆಯಲ್ಲಿ ಸುಮ್ನೆ ನಿಂತಿದ್ದೆ. ಅಳು ಬರುವ ಹಾಗಿತ್ತು. ಆಗ ಕುತ್ತಿಗೆಯ ಹತ್ತಿರ ಸಣ್ಣಗೆ ಯಾರೋ ಮಾತಾಡಿದ ಹಾಗಾಯಿತು. ಹೆಡ್‌ಫೋನ್ ಎತ್ತಿ ಕಿವಿಗಿಟ್ಟೆ. ಒಬ್ಬ ಮೇಷ್ಟ್ರು ಭಿನ್ನರಾಶಿ ಕೂಡುವುದು ಹೇಗೆ ಅಂತ ಪಾಠ ಮಾಡುತ್ತಿದ್ದರು. ಅದೇ ಹೊತ್ತಿಗೆ ಒಳಗಿನಿಂದ ಮಗಳು ಕೂಗಿದಳು. “ಅಮ್ಮಾ, ಟ್ಯಾಬ್‌ನಲ್ಲಿ ಸೌಂಡೇ ಬರ್ತಿಲ್ಲ.”

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಹಿಂದಿನ ಭಾನುವಾರ ಮಗಳು ಒಂದು ಗಂಟೆ ನನ್ನ ಹೆಡ್‌ಫೋನ್ ಹಾಕಿಕೊಂಡಿದ್ದಳು. ಟ್ಯಾಬ್‌ಗೆ ಜೋಡಿಸಿಕೊಂಡಿದ್ದಳು. ಅಷ್ಟೇ. ಟ್ಯಾಬ್‌ನ ಬ್ಲೂಟೂತ್ ಯಾವಾಗಲೂ ಆನ್. ನನಗೆ ಮೊದಲಿಂದ ಒಂದು ಅಭ್ಯಾಸ: ಬ್ಯಾಟರಿ ಉಳಿಯಲಿ ಅಂತ ಫೋನಿನ ಬ್ಲೂಟೂತ್ ಆಫ್ ಇಟ್ಟಿರುತ್ತೇನೆ, ಹೆಡ್‌ಫೋನ್ ಹಾಕಿಕೊಂಡ ಮೇಲೆ ಆನ್ ಮಾಡುತ್ತೇನೆ. ಹೆಡ್‌ಫೋನ್ ಆನ್ ಆದ ಕೂಡಲೇ ತನಗೆ ಗೊತ್ತಿರುವವರನ್ನು ಹುಡುಕುತ್ತದೆ. ಫೋನ್ ಸಿಗುವುದಿಲ್ಲ, ಟ್ಯಾಬ್ ಸಿಗುತ್ತದೆ, ಅದಕ್ಕೆ ಅಂಟಿಕೊಳ್ಳುತ್ತದೆ. ನನ್ನದು ಒಂದು ಸಲಕ್ಕೆ ಒಂದಕ್ಕೇ ಸೇರುವ ಮಾಡೆಲ್. ಆಮೇಲೆ ಫೋನ್ ಎಷ್ಟು ಬಡಿದುಕೊಂಡರೂ ಜಾಗ ಇಲ್ಲ. ಬ್ಲೂಟೂತ್ ಸಾಮಾನ್ಯವಾಗಿ ಸುಮಾರು ಹತ್ತು ಮೀಟರ್‌ವರೆಗೆ ಹೋಗುತ್ತದೆ, ಟ್ಯಾಬ್ ಬೇರೆ ಕೋಣೆಯ ಕಪಾಟಿನಲ್ಲಿದ್ದರೂ ಸಾಕು.

ಅಂಗಡಿಯಲ್ಲಿ ಟ್ಯಾಬ್ ಇಲ್ಲ. ಅದಕ್ಕೇ ಅಲ್ಲಿ ಪ್ರತಿ ಸಲ ಫೋನ್‌ಗೇ ಕನೆಕ್ಟ್ ಆಗುತ್ತಿತ್ತು. ಮೊದಲ ದಿನ ಆತ ಕಿವಿಗೆ ಹಾಕಿಕೊಂಡ ಆ ಒಂದು ನಿಮಿಷದಲ್ಲೇ ಹೆಡ್‌ಫೋನ್ ಸರಿಯಿದೆ ಅಂತ ಆತನಿಗೆ ಗೊತ್ತಾಗಿತ್ತು. ಆಮೇಲೆ 1,350 ಹೇಳಿದ.

ಟ್ಯಾಬ್‌ನಲ್ಲಿ ಹೆಡ್‌ಫೋನ್ ಹೆಸರಿನ ಮುಂದೆ ‘ಫರ್ಗೆಟ್’ ಒತ್ತಿದೆ. ಹೆಡ್‌ಫೋನ್ ಆಫ್ ಮಾಡಿ, ಪವರ್ ಬಟನ್ನನ್ನು ಕೆಂಪು ನೀಲಿ ದೀಪ ಒಂದಾದ ಮೇಲೊಂದು ಮಿನುಗುವವರೆಗೆ ಒತ್ತಿ ಹಿಡಿದೆ, ನನ್ನದರಲ್ಲಿ ಏಳು ಸೆಕೆಂಡ್. ಫೋನ್‌ನಲ್ಲೂ ಹಳೆಯ ಹೆಸರು ತೆಗೆದು ಹೊಸದಾಗಿ ಪೇರ್ ಮಾಡಿದೆ. ಎರಡು ನಿಮಿಷ. ಇವತ್ತಿನವರೆಗೂ ಒಂದು ಸಲವೂ ಕೈಕೊಟ್ಟಿಲ್ಲ.

ಪರ್ಸಿನಲ್ಲಿದ್ದ ಚಿಪ್ ನೆನಪಾಯಿತು. ನಮ್ಮ ಬಡಾವಣೆಯಲ್ಲಿ ಟಿವಿ ರಿಪೇರಿ ಮಾಡುವವರೊಬ್ಬರಿದ್ದಾರೆ. ಅವರು ಹೆಡ್‌ಫೋನ್ ಬಿಚ್ಚಿ, ದೀಪದ ಕೆಳಗೆ ಭೂತಗನ್ನಡಿ ಹಿಡಿದು ನನಗೂ ತೋರಿಸಿದರು. ಬೋರ್ಡ್ ಮೇಲೆ ಇರುವ ಬ್ಲೂಟೂತ್ ಚಿಪ್ ಚೌಕ, ಪಕ್ಕಕ್ಕೆ ಕಾಲೇ ಇಲ್ಲ. ನನ್ನ ಟಿಶ್ಯೂನಲ್ಲಿ ಇದ್ದದ್ದಕ್ಕೆ ಎರಡು ಕಡೆ ನಾಲ್ಕು ನಾಲ್ಕು ಕಾಲು. ಇದು ಆ ಬೋರ್ಡ್‌ನಲ್ಲಿ ಕೂರುವುದೇ ಇಲ್ಲ. ಬೆಸುಗೆ ಹಾಕಿದ ಗುರುತು ಎಲ್ಲೂ ಇಲ್ಲ. ಇನ್ನೊಂದು ಮಾತು ಹೇಳಿದರು, ಅದು ನನಗೆ ಮೊದಲೇ ಗೊತ್ತಿರಬೇಕಿತ್ತು. ಇಂಥ ಹೆಡ್‌ಫೋನ್‌ಗಳಲ್ಲಿ ಸಾಮಾನ್ಯವಾಗಿ ‘ಪವರ್ ಆನ್’ ಅಂತ ಮಾತಾಡಿಸುವುದೂ ಅದೇ ಚಿಪ್. ಅದು ಸತ್ತಿದ್ದರೆ ಹೆಡ್‌ಫೋನ್ ಬಾಯೇ ಬಿಡುತ್ತಿರಲಿಲ್ಲ.

ಐಸಿ ಬದಲಾಯಿಸದಿದ್ದರೂ ಬಿಚ್ಚಿದ್ದಂತೂ ಹೌದು. ಎಡಗಡೆಯ ಕುಶನ್ ಎತ್ತಿ, ಮತ್ತೆ ಗೋಂದಿನಲ್ಲಿ ಅಂಟಿಸಿದ್ದಾನೆ, ಅದು ಈಗ ಕಿವಿಗೆ ಚುಚ್ಚುತ್ತದೆ. ಎರಡು ಸ್ಕ್ರೂಗಳ ತಲೆ ಸವೆದಿದೆ. ಕಂಪನಿಯವರನ್ನು ಕೇಳಿದರೆ ಹೊರಗೆ ಬಿಚ್ಚಿಸಿದ್ದಕ್ಕೆ ವಾರಂಟಿ ಇಲ್ಲ ಅಂದರು. ನಾಲ್ಕು ತಿಂಗಳ ವಾರಂಟಿ ಹೋಯಿತು.

ಗುರುವಾರ ಮೂರನೇ ಸಲ ಹೋದೆ, ಚಿಪ್ ತಗೊಂಡು. ಆತನ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

“ಯಾರೋ ಏನೋ ಹೇಳಿದ್ರು ಅಂತ ಬಂದಿದ್ದೀರಾ.”

“ಎಲೆಕ್ಟ್ರಾನಿಕ್ ಐಟಂಗೆ ಗ್ಯಾರಂಟಿ ಇರಲ್ಲ ಮೇಡಂ, ನಾನು ಮೊದಲೇ ಹೇಳಿದ್ದೆ.” ಹೇಳಿರಲಿಲ್ಲ.

ಚಿಪ್ ತೋರಿಸಿದಾಗ, “ಇದು ನಾನು ಕೊಟ್ಟಿದ್ದೇ ಅಲ್ಲ.”

ಅಂದರೆ ಸುಳ್ಳು ಹೇಳುತ್ತಿರುವುದು ನಾನೇ ಅಂತ! ಕೈ ನಡುಗುತ್ತಿತ್ತು. ದುಡ್ಡು ವಾಪಸ್ ಕೊಡಿ ಅಂದೆ. “ಈಗ ವರ್ಕ್ ಆಗ್ತಿದೆ ತಾನೇ? ಮತ್ತೆ ಯಾಕೆ ಗಲಾಟೆ?” ಅಂದ. ಇದಕ್ಕೆ ಏನು ಹೇಳುವುದು? ಆಗಲೂ ವರ್ಕ್ ಆಗುತ್ತಿತ್ತು, ಈಗಲೂ ಆಗುತ್ತಿದೆ. ನಡುವೆ ನನ್ನ 1,950 ರೂಪಾಯಿ ಹೋಗಿದೆ.

ನಾನಿನ್ನೂ ಅಲ್ಲೇ ನಿಂತಿರುವಾಗ ಒಬ್ಬ ಕಾಲೇಜು ಹುಡುಗ ಬಂದ. ಬಿಳಿ ಇಯರ್‌ಬಡ್, ಫೋನ್‌ಗೆ ಕನೆಕ್ಟ್ ಆಗುತ್ತಿಲ್ಲ ಅಂದ. ಆತ ಡಬ್ಬಿ ತೆಗೆದು ನೋಡಿ, ಅದೇ ದನಿಯಲ್ಲಿ, ಅದೇ ನಯದಲ್ಲಿ, “ಬ್ಲೂಟೂತ್ ಐಸಿ ಹೋಗಿದೆ. ಈ ಮಾಡೆಲ್‌ನಲ್ಲಿ ಕಾಮನ್ನು” ಅಂದ. ಒಂದಕ್ಷರ ಬದಲಿಲ್ಲ. ಹುಡುಗ 500 ಅಡ್ವಾನ್ಸ್ ಕೊಟ್ಟ. ನಾನು ಬಾಯಿ ತೆರೆಯುವಷ್ಟರಲ್ಲಿ ಹೊರಟು ಹೋದ. ಹಿಂದೆ ಓಡಿ ಬಂದರೆ ಜನರ ನಡುವೆ ಕಾಣಲಿಲ್ಲ.

1915ಕ್ಕೆ ಫೋನ್ ಮಾಡಿದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ದೂರು ಬರೆದುಕೊಂಡು ನಂಬರ್ ಕೊಟ್ಟಿದ್ದಾರೆ. ಬಿಲ್ ಇಲ್ಲ, ಆದರೆ ಯುಪಿಐ ದಾಖಲೆ ಇದೆ, ವಾಟ್ಸ್ಯಾಪ್ ಇದೆ. ಬಿಲ್ ಕೊಡದಿರುವುದನ್ನೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅಂತಲೇ ಹೇಳುತ್ತದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ, ಕೊಟ್ಟ ಹಣ ಐದು ಲಕ್ಷದವರೆಗೆ ಇದ್ದರೆ ಶುಲ್ಕವೂ ಇಲ್ಲ. ಇಲ್ಲಿ ಇತ್ಯರ್ಥ ಆಗದಿದ್ದರೆ ಅಲ್ಲಿಗೇ ಹೋಗುತ್ತೇನೆ. 1,950ಕ್ಕೆ ಇಷ್ಟು ಓಡಾಟ ಬೇಕಾ ಅಂತ ಮನೆಯಲ್ಲಿ ಕೇಳುತ್ತಿದ್ದಾರೆ. ಬೇಕು.

ದಯವಿಟ್ಟು, ಮನೆ ಬಿಡುವ ಮೊದಲು ಆ ಹೆಡ್‌ಫೋನ್ ಬೇರೆ ಯಾವುದಕ್ಕೆ ಜೋಡಿಸಿದ್ದಿರಿ ನೋಡಿ. ಟ್ಯಾಬ್, ಲ್ಯಾಪ್‌ಟಾಪ್, ಟಿವಿ, ಹಳೆಯ ಫೋನ್, ಎಲ್ಲದರ ಬ್ಲೂಟೂತ್ ಆಫ್ ಮಾಡಿ ಒಮ್ಮೆ ಪ್ರಯತ್ನಿಸಿ. ಪೂರ್ತಿ ಚಾರ್ಜ್ ಮಾಡಿ. ಫರ್ಗೆಟ್ ಮಾಡಿ ಮತ್ತೆ ಪೇರ್ ಮಾಡಿ. ಅಂಗಡಿಯಲ್ಲಿ ಕನೆಕ್ಟ್ ಆಗಿ ಮನೆಯಲ್ಲಿ ಆಗದಿದ್ದರೆ ತೊಂದರೆ ಬಹುಶಃ ಮನೆಯಲ್ಲೇ ಎಲ್ಲೋ ಇದೆ, ಹೆಡ್‌ಫೋನ್‌ನಲ್ಲಿ ಅಲ್ಲ. ವಾರಂಟಿ ಇದ್ದರೆ ಹದಿನೈದು ದಿನ ಕಾಯಿರಿ. ಅಂಗಡಿಗೆ ಕೊಟ್ಟರೂ ನಿಮ್ಮ ಕಣ್ಣೆದುರೇ ಬಿಚ್ಚಲಿ. ಪಿನ್ ಮಾತ್ರ ಯಾರಿಗೂ ಹೇಳಬೇಡಿ. ನಾನು ಅವತ್ತು ರಾತ್ರಿಯೇ ಪಿನ್ನು, ಯುಪಿಐ ಪಿನ್ನು, ಬ್ಯಾಂಕಿನ ಪಾಸ್‌ವರ್ಡ್ ಎಲ್ಲ ಬದಲಾಯಿಸಿದೆ.

ಮತ್ತೆ ಆ ಹುಡುಗನಿಗೆ. ಗುರುವಾರ ಸಂಜೆ ಐದೂವರೆ ಹೊತ್ತಿಗೆ ಬಿಳಿ ಇಯರ್‌ಬಡ್ ಕೊಟ್ಟು ಬಂದವನು ನೀನಾಗಿದ್ದರೆ, ಹೋಗಿ ವಾಪಸ್ ಕೇಳಿ ತಗೋ. ಫೋನ್‌ನಲ್ಲಿ ಅದರ ಹೆಸರು ಅಳಿಸು. ಡಬ್ಬಿಯ ಒಳಗಿನ ಹಿತ್ತಾಳೆ ಬಣ್ಣದ ಪಿನ್‌ಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಎರಡೂ ಇಯರ್‌ಬಡ್‌ಗಳನ್ನು ಅದರಲ್ಲಿಟ್ಟ ಮೇಲೆ, ಡಬ್ಬಿಯಲ್ಲಿ ಬಟನ್ ಇದ್ದರೆ ದೀಪ ಮಿನುಗುವವರೆಗೆ ಒತ್ತಿ ಹಿಡಿ. ಬಟನ್ ಇಲ್ಲದಿದ್ದರೆ ಜೊತೆಗೆ ಬಂದ ಪುಸ್ತಕದಲ್ಲಿ ರೀಸೆಟ್ ಹೇಗೆ ಅಂತ ಇರುತ್ತದೆ. ಆ ದಿನ ನಾನು ಇನ್ನೂ ಎರಡು ಹೆಜ್ಜೆ ಬೇಗ ಓಡಬೇಕಿತ್ತು. ನಿನ್ನ 500 ಅವನು ಕೊಡದಿದ್ದರೆ 1915ಕ್ಕೆ ನೀನೂ ಫೋನ್ ಮಾಡು, ಒಂದೇ ಅಂಗಡಿಯ ಮೇಲೆ ಎರಡು ದೂರು ಇರಲಿ.