ಷೋಕೇಸಿನೊಳಗೆ ಪುಡಿಯಾಗುವ ಫಿರಂಗಿಗಳು: ಹಡಗಿನ ಮಾದರಿ ಕೊಳ್ಳುವವರು ಗಮನಿಸಿ

ಹಡಗು ಮತ್ತು ಜಲಾಂತರ್ಗಾಮಿಗಳ ಸಿದ್ಧ ಮಾದರಿಗಳನ್ನು ಕೊಳ್ಳುವವರು, ಹೇಳಿ ಮಾಡಿಸಿಕೊಳ್ಳುವವರು ಹಣ ಕೊಡುವ ಮೊದಲು ಎರಡು ಪ್ರಶ್ನೆಗಳಿಗೆ ರಸೀದಿಯ ಮೇಲೆಯೇ ಉತ್ತರ ಬರೆಸಿಕೊಳ್ಳಬೇಕು. ಮಾದರಿಯ ಫಿರಂಗಿ, ಲಂಗರು, ರಾಟೆಗಳನ್ನು ಯಾವ ಲೋಹದಲ್ಲಿ ಎರಕ ಹೊಯ್ದಿದ್ದಾರೆ ಎಂಬುದು ಒಂದು. ಅದನ್ನು ಇಡುವ ಷೋಕೇಸಿಗೆ ಯಾವ ಹಲಗೆ, ಯಾವ ಅಂಟು ಬಳಸಿದ್ದಾರೆ ಎಂಬುದು ಇನ್ನೊಂದು. ಎರಡನ್ನೂ ನಾನು ಕೇಳಿದ್ದೆ. ಎರಡಕ್ಕೂ ಬಾಯಿಮಾತಿನಲ್ಲಿ ಸಿಕ್ಕ ಉತ್ತರ ಸುಳ್ಳಾಗಿತ್ತು.

ತುಮಕೂರಿನಲ್ಲಿ ಕುಳಿತು ಈ ಹವ್ಯಾಸ ನಡೆಸುವ ನಮ್ಮಂಥವರು ದೊಡ್ಡ ಮಾದರಿಗಳಿಗೆ ಬೆಂಗಳೂರಿನ ವ್ಯಾಪಾರಿಗಳನ್ನೇ ನೆಚ್ಚಿಕೊಂಡಿರುತ್ತೇವೆ. ಅಂಥ ಒಬ್ಬರಿಂದ ನಾನು ಎರಡು ಮಾದರಿಗಳನ್ನು ತಂದೆ. ಒಂದು, 1805ರ ಟ್ರಫಾಲ್ಗರ್ ಕದನದಲ್ಲಿ 104 ಫಿರಂಗಿಗಳನ್ನು ಹೊತ್ತು ಹೋರಾಡಿದ, ಇಂದಿಗೂ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಉಳಿದಿರುವ ‘ವಿಕ್ಟರಿ’ ಹಡಗಿನ ಮರದ ಮಾದರಿ. ಇನ್ನೊಂದು, ವಿಶಾಖಪಟ್ಟಣದ ಕಡಲ ತೀರದಲ್ಲಿ 2002ರಿಂದ ವಸ್ತುಸಂಗ್ರಹಾಲಯವಾಗಿರುವ ‘ಐಎನ್‌ಎಸ್ ಕುರ್ಸುರ’ ಜಲಾಂತರ್ಗಾಮಿಯ ಮಾದರಿ. ಸುಮಾರು 91 ಮೀಟರ್ ಉದ್ದದ ಆ ನೌಕೆ 1/144 ಅಳತೆಯಲ್ಲಿ 63 ಸೆಂಟಿಮೀಟರ್ ಆಗುತ್ತದೆ. ಹಿಂಭಾಗದ ಮೂರು ಪ್ರೊಪೆಲ್ಲರುಗಳನ್ನೂ ಮಾಡಿದವರು ಎಷ್ಟು ಅಚ್ಚುಕಟ್ಟಾಗಿ ಕೂಡಿಸಿದ್ದರೆಂದರೆ, ಆ ಕೈಕೆಲಸದ ಬಗ್ಗೆ ನನಗೆ ಈಗಲೂ ಗೌರವವಿದೆ. ಲೋಹದ ಭಾಗಗಳೆಲ್ಲ ಸೀಸವಿಲ್ಲದ ಪ್ಯೂಟರ್ (ತವರವೇ ಹೆಚ್ಚಿರುವ ಬೆರಕೆ ಲೋಹ) ಎಂದು ವ್ಯಾಪಾರಿ ಖಚಿತವಾಗಿ ಹೇಳಿದರು, ಮುರಿದರೆ ಇರಲಿ ಎಂದು ಒಂದು ಹಿಡಿ ಬಿಡಿ ಫಿರಂಗಿಗಳನ್ನೂ ಕೊಟ್ಟರು. ಇಲ್ಲಿ ಊರಿನಲ್ಲೇ ಒಬ್ಬರು ಷೋಕೇಸ್ ಮಾಡಿಕೊಟ್ಟರು. “ಸಾಗುವಾನಿಯ ಹಲಗೆ ಸರ್, ಒಂದು ಇರುವೆಯೂ ಒಳಗೆ ಹೋಗುವುದಿಲ್ಲ, ನೀವು ಧೂಳು ಒರೆಸುವ ಕೆಲಸವೇ ಇಲ್ಲ” ಎಂದು ಅವರು ಹೇಳಿದ ಮಾತಿನಲ್ಲಿ ಇರುವೆಯ ವಿಷಯವಷ್ಟೇ ನಿಜವಾಗಿತ್ತು. ತೆಳುವಾದ ಸಾಗುವಾನಿ ಪದರದ ಕೆಳಗೆ ಇದ್ದದ್ದು ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ. ಗಾಜಿನ ಸಂದುಗಳಿಗೆ ತುಂಬಿದ್ದು ಹುಳಿ ವಿನೆಗರ್ ವಾಸನೆಯ ಅಗ್ಗದ ಸಿಲಿಕೋನ್.

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ವಿಕ್ಟರಿಯ ಮೇಲಟ್ಟದ ಫಿರಂಗಿಗಳ ಕಪ್ಪು ಬಣ್ಣ ಅಲ್ಲಲ್ಲಿ ಉಬ್ಬಿ, ಬಿರುಕಿನಿಂದ ಬಿಳಿಯ ಪುಡಿ ಹೊರಬಂದಿತು. ವ್ಯಾಪಾರಿಗೆ ಫೋನ್ ಮಾಡಿದರೆ, “ನಿಮ್ಮ ಮನೆಯ ತೇವಕ್ಕೆ ಬೂಷ್ಟು ಬಂದಿದೆ, ಒಣ ಬ್ರಷ್ಷಿನಿಂದ ಉಜ್ಜಿಬಿಡಿ” ಎಂದರು. ಇಷ್ಟು ಅಪಾಯಕಾರಿಯಾದ ಸಲಹೆಯನ್ನು ಇದುವರೆಗೆ ಯಾರೂ ನನಗೆ ಕೊಟ್ಟಿಲ್ಲ. ತುಮಕೂರು ಕಾರವಾರದಂತೆ ಕಡಲ ಗಾಳಿಯ ಊರಲ್ಲ. ಅದಕ್ಕಿಂತ ಮುಖ್ಯವಾಗಿ, ಅದೇ ಕೋಣೆಯ ತೆರೆದ ಕಪಾಟಿನಲ್ಲಿ ಗಾಜಿನ ಬಟ್ಟಲಿನಲ್ಲಿಟ್ಟಿದ್ದ ಬಿಡಿ ಫಿರಂಗಿಗಳಿಗೆ ಏನೂ ಆಗಿರಲಿಲ್ಲ. ತೇವವೇ ಕಾರಣವಾಗಿದ್ದರೆ ಅವೂ ಬೆಳ್ಳಗಾಗಬೇಕಿತ್ತು.

ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಬಿಡಿ ಫಿರಂಗಿಗಳನ್ನು ಅವರ ಬಳಿಗೆ ಒಯ್ದೆ. ಅವನ್ನು ದಾರದಲ್ಲಿ ಕಟ್ಟಿ, ಮೊದಲು ಗಾಳಿಯಲ್ಲಿ, ಆಮೇಲೆ ನೀರಿನಲ್ಲಿ ಮುಳುಗಿಸಿ ತೂಗಿದರು. ನೀರಿನಲ್ಲಿ ಕಡಿಮೆಯಾದ ತೂಕದಿಂದ ಗಾಳಿಯ ತೂಕವನ್ನು ಭಾಗಿಸಿದರೆ ಲೋಹದ ಸಾಂದ್ರತೆ ಸಿಗುತ್ತದೆ: ಸೀಸಕ್ಕೆ 11.3, ತವರಕ್ಕೆ 7.3. ಒಳ್ಳೆಯ ಸೀಸರಹಿತ ಪ್ಯೂಟರಿನಲ್ಲಿ ತವರವೇ ನೂರಕ್ಕೆ ತೊಂಬತ್ತರಷ್ಟಿರುವುದರಿಂದ ಅದರ ಲೆಕ್ಕವೂ ಏಳರ ಆಸುಪಾಸಿನಲ್ಲೇ ಬರಬೇಕು. ನಮ್ಮ ಲೆಕ್ಕ ಹನ್ನೊಂದರ ಹತ್ತಿರ ಬಂದಿತು. “ಇದು ಬರೀ ಸೀಸ ಕಣಪ್ಪ. ಬಿಳಿ ಕಾಗದದ ಮೇಲೆ ಎಳೆದು ನೋಡು” ಎಂದರು. ಎಳೆದಾಗ ಪೆನ್ಸಿಲಿನಿಂದ ಬರೆದಂತೆ ಬೂದು ಗೆರೆ ಮೂಡಿತು.

ಮುಚ್ಚಿದ ಪೆಟ್ಟಿಗೆಯಲ್ಲಿ ಸೀಸಕ್ಕೆ ಹೀಗೇಕಾಗುತ್ತದೆ ಎಂಬುದು ವಸ್ತುಸಂಗ್ರಹಾಲಯಗಳಿಗೆ ಹಿಂದಿನಿಂದಲೂ ಗೊತ್ತಿರುವ ಸಂಗತಿ. ಪ್ಲೈವುಡ್, ಎಂಡಿಎಫ್, ಓಕ್ ಮರ, ವಿನೆಗರ್ ವಾಸನೆಯ ಸಿಲಿಕೋನ್, ಕೆಲವು ಬಣ್ಣ ಮತ್ತು ಅಂಟುಗಳು ಅಸಿಟಿಕ್ ಅಥವಾ ಫಾರ್ಮಿಕ್ ಆಮ್ಲದ ಆವಿಯನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತಲೇ ಇರುತ್ತವೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಆ ಆವಿ ಹೊರಗೆ ಹೋಗದೆ ಕೂಡಿಕೊಳ್ಳುತ್ತದೆ. ಅಸಿಟಿಕ್ ಆಮ್ಲ ಸೀಸವನ್ನು ಸೀಸದ ಅಸಿಟೇಟ್ ಆಗಿ ಮಾರ್ಪಡಿಸುತ್ತದೆ. ಅದು ಗಾಳಿಯ ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಬಿಳಿಯ ಸೀಸದ ಕಾರ್ಬೊನೇಟ್ ಆಗುವಾಗ ಆಮ್ಲ ಮತ್ತೆ ಬಿಡುಗಡೆಯಾಗಿ, ಒಳಗಿನ ಹೊಸ ಲೋಹವನ್ನು ತಿನ್ನತೊಡಗುತ್ತದೆ. ಆದ್ದರಿಂದಲೇ ಒಮ್ಮೆ ಹಿಡಿದದ್ದು ತಾನಾಗಿ ನಿಲ್ಲುವುದಿಲ್ಲ, ಮೇಲೆ ಬಣ್ಣ ಬಳಿದರೂ ಒಳಗೊಳಗೇ ನಡೆಯುತ್ತದೆ. ಹಿಂದೆ ಯೂರೋಪಿನಲ್ಲಿ ಬಿಳಿ ಬಣ್ಣ ತಯಾರಿಸಲು ಸೀಸದ ಸುರುಳಿಗಳನ್ನು ವಿನೆಗರ್ ಇರುವ ಮಡಕೆಗಳಲ್ಲಿಟ್ಟು ಗೊಬ್ಬರದಲ್ಲಿ ಹೂಳುತ್ತಿದ್ದರು. ನನ್ನ ಷೋಕೇಸಿನಲ್ಲಿ ನಡೆದದ್ದು ಅದೇ ಕ್ರಿಯೆ.

ಕುರ್ಸುರದ ಹಾನಿ ಇನ್ನೂ ದೊಡ್ಡದು. ಅದರ ಟೊಳ್ಳು ಒಡಲಿಗೆ ಭಾರ ಬರಲೆಂದು ಮಾಡಿದವರು ಒಳಗೆ ಸೀಸದ ಗುಂಡುಗಳನ್ನು ಸುರಿದು, ಬಡಗಿಗಳು ಬಳಸುವ ಬಿಳಿ ಅಂಟನ್ನು ಹೊಯ್ದು ಕೂಡಿಸಿದ್ದರು. ಈ ಪಿವಿಎ ಅಂಟೂ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಸೀಸ ಕಾರ್ಬೊನೇಟ್ ಆದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುವುದರಿಂದ, ಗುಂಡುಗಳೆಲ್ಲ ಒಟ್ಟಿಗೆ ಉಬ್ಬಿ ಅಡಿಭಾಗದ ಕೂಡುಗೆರೆಯನ್ನು ಉದ್ದಕ್ಕೂ ಸೀಳಿಬಿಟ್ಟವು. ರೈಲು ಎಂಜಿನ್ನುಗಳ ಮಾದರಿ ಕಟ್ಟುವವರಲ್ಲಿ ಸೀಸದ ಗುಂಡಿಗೆ ಪಿವಿಎ ಹಾಕಬಾರದೆಂಬುದು ಚೆನ್ನಾಗಿ ತಿಳಿದ ಮಾತು. ಹಣ ಪಡೆದು ಮಾದರಿ ಕಟ್ಟುವವರು ಇದನ್ನು ತಿಳಿದಿರಲೇಬೇಕು. ಭಾರ ಬೇಕಿದ್ದರೆ ಉಕ್ಕಿನ ಗುಂಡುಗಳನ್ನು ಎಪಾಕ್ಸಿ ಅಂಟಿನಲ್ಲಿ ಕೂಡಿಸಬಹುದು.

ಸಾಂದ್ರತೆಯ ಲೆಕ್ಕವನ್ನು ಮುಂದಿಟ್ಟು ಕೇಳಿದಾಗ ವ್ಯಾಪಾರಿ, ತಾವು ಹೇಳಿದ್ದು ವೈಟ್ ಮೆಟಲ್ ಎಂದೇ ಹೊರತು ಪ್ಯೂಟರ್ ಎಂದಲ್ಲ ಎಂದು ಮಾತು ತಿರುಗಿಸಿದರು. ವೈಟ್ ಮೆಟಲ್ ಎಂಬ ಹೆಸರಿನಲ್ಲಿ ತವರದ ಬೆರಕೆಯೂ ಮಾರಾಟವಾಗುತ್ತದೆ, ಸೀಸವೇ ಹೆಚ್ಚಿರುವ ಬೆರಕೆಯೂ ಮಾರಾಟವಾಗುತ್ತದೆ. ಹಾಗಾಗಿ ರಸೀದಿಯಲ್ಲಿ ಆ ಹೆಸರನ್ನು ಒಪ್ಪಿಕೊಳ್ಳಬೇಡಿ. “ಸೀಸ ಇಲ್ಲ” ಎಂದೇ ಬರೆಸಿ. ಷೋಕೇಸ್ ಮಾಡಿದವರು ಹಣ ವಾಪಸು ಕೊಡುವ ಮಾತನ್ನೇ ಎತ್ತಲಿಲ್ಲ.

ಹಣ ಹೋದದ್ದಕ್ಕಿಂತ ಆ ಪುಡಿಯ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಅದು ಸೀಸದ ಸಂಯುಕ್ತ. ಉಸಿರಿನ ಮೂಲಕವೋ ಕೈಯಿಂದ ಬಾಯಿಗೋ ಹೋಗಬಲ್ಲದು. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎನ್ನುವಂಥ ಸುರಕ್ಷಿತ ಮಟ್ಟವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಡಗಿನ ಮಾದರಿ ಇರುವ ಮನೆಯಲ್ಲಿ ಅದರ ಮುಂದೆ ಮೊದಲು ಬಂದು ನಿಲ್ಲುವವರೇ ಮಕ್ಕಳು. ಪುಡಿ ಕಂಡರೆ ಊದಬಾರದು, ಒಣಗಿದ್ದಂತೆ ಉಜ್ಜಬಾರದು, ಗುಡಿಸಬಾರದು. ಕೈಗವಸು ಮತ್ತು ಸಣ್ಣ ಧೂಳನ್ನು ತಡೆಯುವ ಮಾಸ್ಕ್ ಧರಿಸಿ, ಒದ್ದೆ ಕಾಗದದಿಂದ ಒರೆಸಿ, ಆ ಕಾಗದವನ್ನು ಬಿಗಿಯಾದ ಚೀಲದಲ್ಲಿ ಕಟ್ಟಿ ಬೇರೆಯಾಗಿಡಬೇಕು.

ಷೋಕೇಸ್ ಮಾಡಿಸುವವರು ಗಾಜು ಅಥವಾ ಅಕ್ರಿಲಿಕ್ ಹಾಳೆಗೆ ಅಲ್ಯೂಮಿನಿಯಂ ಚೌಕಟ್ಟು ಹಾಕಿಸಿ, ವಿನೆಗರ್ ವಾಸನೆಯಿಲ್ಲದ ನ್ಯೂಟ್ರಲ್ ಸಿಲಿಕೋನನ್ನೇ ಕೇಳಿ, ಕೆಳಗೂ ಮೇಲೂ ಸಣ್ಣ ಗಾಳಿಕಿಂಡಿಗಳನ್ನು ಬಿಡಿಸಿ. ಧೂಳು ಒರೆಸಬಹುದು, ಕರಗಿದ ಫಿರಂಗಿಯನ್ನು ಮರಳಿ ತರಲಾಗದು. ಹಲಗೆಯ ಬಗ್ಗೆ ಸಂಶಯವಿದ್ದರೆ ಪರೀಕ್ಷಿಸುವ ದಾರಿಯಿದೆ. ಬ್ರಿಟಿಷ್ ಮ್ಯೂಸಿಯಮ್ಮಿನ ಆಂಡ್ರ್ಯೂ ಆಡಿ 1973ರಲ್ಲಿ ರೂಪಿಸಿದ ಪರೀಕ್ಷೆಯಲ್ಲಿ ಬೆಳ್ಳಿ, ತಾಮ್ರ, ಸೀಸದ ತುಣುಕುಗಳನ್ನು ಪರೀಕ್ಷಿಸಬೇಕಾದ ವಸ್ತುವಿನೊಡನೆ, ತುಸು ನೀರಿನ ಆವಿಯಿರುವ ಮುಚ್ಚಿದ ಪಾತ್ರೆಯಲ್ಲಿ 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 28 ದಿನ ಇಡುತ್ತಾರೆ. ಮನೆಯಲ್ಲಿ ಅಷ್ಟು ಶಾಖ ಕಾಯ್ದುಕೊಳ್ಳುವುದು ಕಷ್ಟ. ಆದರೂ ಹಲಗೆಯ ಚೂರು, ಕೆರೆದು ಹೊಳಪು ಬರಿಸಿದ ಮೀನುಗಾಳದ ಸೀಸದ ಗುಂಡು ಮತ್ತು ಒದ್ದೆ ಹತ್ತಿಯನ್ನು ಒಂದಕ್ಕೊಂದು ತಾಗದಂತೆ ಗಾಜಿನ ಜಾಡಿಯಲ್ಲಿ ಮುಚ್ಚಿ, ಹಲಗೆಯಿಲ್ಲದ ಇನ್ನೊಂದು ಜಾಡಿಯನ್ನು ಪಕ್ಕದಲ್ಲಿಟ್ಟು ಕೆಲವು ವಾರ ಬಿಟ್ಟರೆ, ಕೆಟ್ಟ ಹಲಗೆ ತನ್ನ ಜಾಡಿಯ ಗುಂಡನ್ನು ಬೆಳ್ಳಗಾಗಿಸಿ ಬಹುಮಟ್ಟಿಗೆ ತನ್ನನ್ನು ತೋರಿಸಿಕೊಳ್ಳುತ್ತದೆ.

ಹಳೆಯ ಮಾದರಿ ಕೊಳ್ಳುವಾಗ ಬೆಲೆ ಮಾತಾಡುವ ಮೊದಲೇ ಫಿರಂಗಿ ಕಿಂಡಿಗಳೊಳಗೆ ಟಾರ್ಚ್ ಹಾಕಿ ನೋಡಿ. ಮೇಲಟ್ಟದ ಫಿರಂಗಿಗಳನ್ನು ನಾನು ಲೇತಿನಲ್ಲಿ ಕಡೆಸಿದ ಹಿತ್ತಾಳೆಯವಕ್ಕೆ ಬದಲಿಸುತ್ತಿದ್ದೇನೆ. ಕೆಳಗಿನ ಅಟ್ಟಗಳ ಫಿರಂಗಿಗಳನ್ನು ತೆಗೆಯಬೇಕಾದರೆ ಹಗ್ಗ, ಹಾಯಿಕಂಬ, ಮೇಲಿನ ಹಲಗೆಗಳನ್ನೆಲ್ಲ ಬಿಚ್ಚಬೇಕು.