ಪ್ರೆಸ್ಟೋ 23 ಕ್ವಾರ್ಟ್ ಪ್ರೆಶರ್ ಕ್ಯಾನರ್: ಪಾತ್ರೆ ಗಟ್ಟಿ, ಮುಳ್ಳಿನ ಮೇಲೆ ಕಣ್ಣಿರಲಿ

ಮಿನ್ನೆಸೋಟದಲ್ಲಿ ಬೀನ್ಸ್ ಬಿತ್ತುವುದೇ ಮೇ ಕೊನೆಗೆ. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಮಂಜು ಹೆಪ್ಪುಗಟ್ಟಿ ಗಿಡ ಕಪ್ಪಾಗುತ್ತದೆ. ನಡುವಿನ ಕೆಲವೇ ವಾರಗಳಲ್ಲಿ ಬುಟ್ಟಿಗಟ್ಟಲೆ ಬರುವ ಕಾಯಿಯನ್ನು ಚಳಿಗಾಲಕ್ಕೆ ಬಾಟಲಿಯಲ್ಲಿ ಉಳಿಸಿಕೊಳ್ಳಬೇಕೆಂದರೆ ತುಂಬಿದ ಬಾಟಲಿಗಳನ್ನು ಒತ್ತಡದ ಹಬೆಯಲ್ಲಿ ಕಾಯಿಸುವ ಈ ದೊಡ್ಡ ಪಾತ್ರೆ, ಅಂದರೆ ಕ್ಯಾನರ್, ಒಳ್ಳೆಯ ಆಯ್ಕೆ.

ಟೊಮೆಟೊಗೆ ಇದು ಬೇಕೇಬೇಕು ಅಂತಿಲ್ಲ. ಕ್ವಾರ್ಟ್ (ಸುಮಾರು ಒಂದು ಲೀಟರ್) ಬಾಟಲಿಗೆ ಎರಡು ಟೇಬಲ್ ಚಮಚ ಅಂಗಡಿಯ ಬಾಟಲಿ ನಿಂಬೆರಸ ಹಾಕಿ ಕುದಿನೀರಿನಲ್ಲೇ ಮಾಡಬಹುದು. ಬೀನ್ಸ್‌ನಲ್ಲಿ ಆ ಹುಳಿ ಇಲ್ಲ. ಬಾಟ್ಯುಲಿಸಂ ಎಂಬ ಪ್ರಾಣಾಪಾಯದ ಆಹಾರವಿಷ ತರುವ ಬ್ಯಾಕ್ಟೀರಿಯಾದ ಬೀಜಕಣಗಳು 100 ಡಿಗ್ರಿಯ ಕುದಿತಕ್ಕೆ ಸಾಯುವುದಿಲ್ಲ. ಸುಮಾರು 116 ಡಿಗ್ರಿ ಬೇಕು, ಅದು ಒತ್ತಡದಲ್ಲಿ ಮಾತ್ರ ಸಾಧ್ಯ. ಊರಿಂದ ತಂದ ಕುಕ್ಕರ್ ಸಾಲದೇ ಅಂತ ನಮ್ಮವರು ಕೇಳುವುದುಂಟು. ಸಾಲದು. ಚಿಕ್ಕ ಕುಕ್ಕರ್ ಬೇಗ ಕಾದು ಬೇಗ ಆರುತ್ತದೆ. ಪರೀಕ್ಷಿಸಿ ನಿಗದಿ ಮಾಡಿದ ಸಮಯದಲ್ಲಿ ನಿಧಾನವಾಗಿ ಕಾಯುವ, ಆರುವ ಹೊತ್ತೂ ಲೆಕ್ಕಕ್ಕಿದೆ.

ಒಂದು ಸಲಕ್ಕೆ ಏಳು ಕ್ವಾರ್ಟ್ ಬಾಟಲಿ ಹಿಡಿಯುತ್ತದೆ. ಅದಕ್ಕೆ ಸುಮಾರು 6.3 ಕಿಲೋ ಬೀನ್ಸ್ ಬೇಕು. ಕಾಯಿ ತುಂಡರಿಸಿ ಐದು ನಿಮಿಷ ಕುದಿಸಿ, ಬಾಟಲಿಗೆ ಹಾಕಿ, ಮೇಲೆ ಒಂದು ಇಂಚು ಜಾಗ ಬಿಟ್ಟು ಬಿಸಿನೀರು ತುಂಬಿ. ಗಾಳಿಗುಳ್ಳೆ ಬಿಡಿಸಿ, ಬಾಯಿ ಒರೆಸಿ, ಮುಚ್ಚಳ ಇಟ್ಟು ಅದರ ರಿಂಗನ್ನು ಬೆರಳ ತುದಿಯ ಬಿಗಿಗೆ ತಿರುಗಿಸಿದರೆ ಸಾಕು. ಕ್ಯಾನರ್‌ಗೆ ಮೂರು ಕ್ವಾರ್ಟ್ ನೀರು; ಗಡಸು ನೀರಾದರೆ ಎರಡು ಟೇಬಲ್ ಚಮಚ ಬಿಳಿ ವಿನೆಗರ್, ಇಲ್ಲದಿದ್ದರೆ ಬಾಟಲಿ ಮೇಲೆ ಬಿಳಿ ಪೊರೆ ಕೂರುತ್ತದೆ.

ಮುಚ್ಚಳ ಹಾಕಿದ ಮೇಲೆ ವೇಯ್ಟ್ ಇಡದೆ ಹತ್ತು ನಿಮಿಷ ಹಬೆ ಜೋರಾಗಿ ಹೋಗಲು ಬಿಡಬೇಕು. ಇದನ್ನು ಬಿಟ್ಟರೆ ಒಳಗೆ ಗಾಳಿ ಉಳಿದು, ಒತ್ತಡ ತೋರಿಸುವ ಗೇಜಿನ ಮುಳ್ಳು 11 ಪೌಂಡ್ (ಚದರ ಇಂಚಿಗೆ) ತೋರಿಸಿದರೂ ಶಾಖ ಅಷ್ಟಿರುವುದಿಲ್ಲ. ಆಮೇಲೆ 11 ಪೌಂಡಿಗೆ ಬಂದ ಕ್ಷಣದಿಂದ ಕ್ವಾರ್ಟ್‌ಗೆ 25 ನಿಮಿಷ, ಅದರ ಅರ್ಧ ಅಳತೆಯ ಪಿಂಟ್‌ಗೆ 20. ನಡುವೆ ಒತ್ತಡ ಇಳಿದರೆ ಮತ್ತೆ ಏರಿಸಿ ಸೊನ್ನೆಯಿಂದ ಎಣಿಸಿ. ಮುಗಿದ ಮೇಲೆ ಒಲೆ ಆರಿಸಿ ಸುಮ್ಮನಿರಬೇಕು. ಅನ್ನದ ಕುಕ್ಕರಿನಂತೆ ವೇಯ್ಟ್ ಎತ್ತುವುದು, ತಣ್ಣೀರು ಸುರಿಯುವುದು ಕೂಡದು. ಬಾಟಲಿಯೊಳಗಿನ ನೀರು ಉಕ್ಕಿ ಹೊರಬರುತ್ತದೆ, ಸೀಲ್ ಕೂರುವುದಿಲ್ಲ.

ಇದರ ದುರ್ಬಲ ಭಾಗ ಆ ಮುಳ್ಳಿನ ಗೇಜ್. ಅದನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು, ಎರಡು ಪೌಂಡಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬದಲಿಸಬೇಕು. ಪರೀಕ್ಷಿಸುವವರು ಎಲ್ಲ ಕಡೆ ಸಿಗುವುದಿಲ್ಲ. ಹಾಗಾಗಿ ಪ್ರೆಸ್ಟೋದವರೇ ಮಾರುವ ಮೂರು ತುಂಡಿನ ವೇಯ್ಟನ್ನು ಜೊತೆಗೇ ಕೊಳ್ಳಿ ಅನ್ನುವುದು ನಮ್ಮ ಗಟ್ಟಿ ಸಲಹೆ. ಸಮುದ್ರಮಟ್ಟದಿಂದ 1000 ಅಡಿ ಒಳಗಿರುವ ಮಿನಿಯಾಪೊಲಿಸ್‌ನಲ್ಲಿ 10 ಪೌಂಡಿನ ವೇಯ್ಟ್ ಸಾಕು. ಉತ್ತರದ ಹಿಬ್ಬಿಂಗ್ ಅದಕ್ಕಿಂತ ಎತ್ತರ, ಅಲ್ಲಿ 15 ಬೇಕು. ವೇಯ್ಟ್ ಅಲುಗಾಡುವ ಸದ್ದು ಕಿವಿಗೆ ಬೀಳುತ್ತದೆ, ಗೇಜ್ ನೋಡುತ್ತ ನಿಲ್ಲುವ ಕೆಲಸವಿಲ್ಲ. ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾದರೆ ಅಥವಾ ಬಿರುಕು ಬಿಟ್ಟರೆ ಕೂಡಲೇ ಬದಲಿಸಿ.

ಬೀನ್ಸ್ ಬದಲು ಹುಳಿಯನ್ನೋ ಪಲ್ಯವನ್ನೋ ನೇರವಾಗಿ ತುಂಬಿಡುವ ಆಸೆ ಬೇಡ. ಬೇಳೆಯ ಗಟ್ಟಿತನ, ಒಗ್ಗರಣೆಯ ಎಣ್ಣೆ ಎರಡೂ ಶಾಖ ಒಳಗಿಳಿಯುವುದನ್ನು ತಡೆಯುತ್ತವೆ. ಬರೀ ಕಾಯಿ ತುಂಬಿಡಿ, ಒಗ್ಗರಣೆ ತೆರೆದ ದಿನ ಹಾಕಿ.

ಕೊಳ್ಳುವ ಮುನ್ನ ಒಲೆಯ ಮೇಲಿನ ಮೈಕ್ರೋವೇವ್‌ಗೂ ಬರ್ನರ್‌ಗೂ ನಡುವಿನ ಅಂತರ ಅಳೆಯಿರಿ, ಪಾತ್ರೆ ಎತ್ತರದ್ದು. ಇಂಡಕ್ಷನ್ ಒಲೆ ಇದ್ದವರು ಅದಕ್ಕೆಂದೇ ಮಾಡಿದ ಮಾದರಿ ಕೇಳಬೇಕು. ಮಾಮೂಲಿ ಅಲ್ಯೂಮಿನಿಯಂನದು ಅಲ್ಲಿ ಕಾಯುವುದಿಲ್ಲ. ಗ್ಯಾಸ್ಕೆಟ್ಟೇ ಇಲ್ಲದ ಆಲ್ ಅಮೆರಿಕನ್ ಬ್ರಾಂಡಿನ ಕ್ಯಾನರ್ ಇನ್ನೂ ಬಾಳಿಕೆಯದು, ಆದರೆ ಭಾರವೂ ಬೆಲೆಯೂ ಹೆಚ್ಚು. ವರ್ಷಕ್ಕೆ ಹತ್ತಾರು ಬಾಟಲಿ ಮಾಡುವ ಮನೆಗೆ ಪ್ರೆಸ್ಟೋ ಸಾಕು. ನಾಲ್ಕೇ ಗಿಡ ಇದ್ದವರಿಗೆ ಫ್ರೀಜರೇ ಸರಿ.