ದಾವಣಗೆರೇಲಿ ಹಂದಿ–ಚೈನೀಸ್: ಮೆನುವಿನ ಮೊದಲ ಪುಟ ಬಿಟ್ಟು ಓದಿ

ಮೊದಲೇ ಹೇಳಿಬಿಡ್ತೀನಿ, ಈ ಹೋಟೆಲಿಗೆ ಹೋದರೆ ಮೆನು ಕಾರ್ಡಿನ ಮೊದಲ ಪುಟ ಮಗುಚಿ ಹಾಕಿ. ಪೋರ್ಕ್ ಮಂಚೂರಿ, ಪೋರ್ಕ್ ಸಿಕ್ಸ್‌ಟಿಫೈವ್, ಡ್ರ್ಯಾಗನ್ ಪೋರ್ಕ್, ಇವೆಲ್ಲ ಊರಿನವರ ನಾಲಿಗೆಗೆ ಹೆದರಿ ಬರೆದ ಹೆಸರುಗಳು. ಅಡುಗೆಯವನ ಕೈ ಎಂಥದು ಅಂತ ಗೊತ್ತಾಗೋದು ಎರಡನೇ ಪುಟದ ಕೆಳಗಡೆ, ಆಮೇಲೆ ಪೆನ್ನಲ್ಲಿ ಬರೆದು ಸೇರಿಸಿರೋ ಸಾಲುಗಳಲ್ಲಿ.

ಹೋಟೆಲಿನ ಹೆಸರು ಹಾಕ್ತಾ ಇಲ್ಲ. ಓನರ್ರೇ ಬೇಡ ಅಂದರು. "ಬಿಲ್ಡಿಂಗ್ ಮಾಲೀಕರಿಗೆ ಗೊತ್ತೈತ್ರಿ ಸರ್, ಅವರ ಬೀಗರಿಗೆಲ್ಲ ಗೊತ್ತಾಗೋದು ಬ್ಯಾಡ" ಅಂತ ನಕ್ಕರು. ಎಂಸಿಸಿ ಬಿ ಬ್ಲಾಕ್ ಕಡೆ ಹಾಸ್ಟೆಲ್ ಹುಡುಗರನ್ನ ಕೇಳಿ, ಯಾರು ಬೇಕಾದರೂ ತೋರಿಸ್ತಾರೆ. ಹೊರಗಿನ ಬೋರ್ಡಿನಲ್ಲಿ ಚೈನೀಸ್, ಮೊಮೊ ಅಂತಷ್ಟೇ ಇದೆ. ಬಾಗಿಲು ದಾಟಿದ ಕೂಡಲೇ ಕಣ್ಣಿಗೆ ಹೊಡೆಯೋ ಹಾಗೆ ಕನ್ನಡದಲ್ಲಿ ದಪ್ಪ ಅಕ್ಷರ: 'ಇಲ್ಲಿ ಹಂದಿ ಮಾಂಸದ ಅಡುಗೆ ಮಾಡಲಾಗುತ್ತದೆ'. ಈ ಪ್ರಾಮಾಣಿಕತೆ ನನಗೆ ಹಿಡಿಸಿತು. ತಿನ್ನದವರು ಅಲ್ಲಿಂದಲೇ ವಾಪಸ್ ಹೋಗಬಹುದು, ಹೋಗಿದ್ದನ್ನೂ ನೋಡಿದ್ದೀನಿ, ಯಾರೂ ಮುಖ ಗಂಟು ಹಾಕಲಿಲ್ಲ.

ನಾನು ಮೆಡಿಕಲ್ ರೆಪ್. ಈಗ ದಾವಣಗೆರೆ, ಹರಿಹರ, ಚಿತ್ರದುರ್ಗ, ಹಿರಿಯೂರು ನನ್ನ ಏರಿಯಾ. ಮೊದಲು ಮಡಿಕೇರೀಲಿ ಇದ್ದೆ, ಹಂದಿ ರುಚಿ ಹತ್ತಿದ್ದು ಅಲ್ಲೇ. ಕಾಚಂಪುಳಿ ಅನ್ನೋ ಕೊಡಗಿನ ಕಪ್ಪು ಹುಳಿ ಹಾಕಿ ಕಪ್ಪಗೆ ಮಾಡೋ ಪಂದಿ ಕರಿ, ಜೊತೆಗೆ ಕಡಂಬುಟ್ಟು ಅನ್ನೋ ಅಕ್ಕಿ ತರಿ ಉಂಡೆ. ಅದನ್ನ ಉಂಡವನಿಗೆ ಒಂದು ವಿಷಯ ಮನಸ್ಸಲ್ಲಿ ಕೂತುಬಿಡುತ್ತೆ. ಹಂದಿಯಲ್ಲಿ ರುಚಿ ಇರೋದು ನೆಣದಲ್ಲಿ. ತೊಗಲು, ನೆಣ, ಖಂಡ ಮೂರೂ ಒಂದೇ ತುಂಡಿನಲ್ಲಿ ಬರಬೇಕು. ನೆಣ ತೆಗೆದು ಬರೀ ಖಂಡ ಕೊಡೋದಾದರೆ ಕೋಳಿ ಎದೆ ತಿಂದರೆ ಸಾಕು, ಅಗ್ಗವಾದರೂ ಆಗುತ್ತೆ.

ಮೊದಲ ಪುಟದ ಮೇಲೆ ನನ್ನ ತಕರಾರು ಇದೇ. ಮಂಚೂರಿ ಅನ್ನೋದು ಚೀನಾದಲ್ಲಿ ಹುಟ್ಟಿದ ಅಡುಗೆ ಅಲ್ಲ. 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್‌ನಲ್ಲಿ ಕಲ್ಕತ್ತಾ ಮೂಲದ ನೆಲ್ಸನ್ ವಾಂಗ್ ಅನ್ನೋ ಅಡುಗೆಯವರು ಕೋಳಿ ತುಂಡಿಗೆ ಕಾರ್ನ್‌ಫ್ಲೋರ್ ಹಚ್ಚಿ ಕರಿದು, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು, ಸೋಯಾ ಸಾಸಿನಲ್ಲಿ ಹಾಕಿದ್ದೇ ಇದರ ಹುಟ್ಟು. ಅದು ಕೋಳಿಗೆ ಸರಿ. ಹೂಕೋಸಿಗೆ ಇನ್ನೂ ಸರಿ, ಅದರಲ್ಲಿ ಸ್ವಂತ ಕೊಬ್ಬು ಇಲ್ಲ, ಹೊರಗಿನ ಗರಿಗರಿಯೇ ಅದರ ಜೀವ. ಹಂದಿಗೆ ಅದೇ ಹಿಟ್ಟು ಹಚ್ಚಿದರೆ ಒಳಗಿನ ನೆಣ ಕರಗಿ ಹೊರಗೆ ಬರೋಕೆ ದಾರಿ ಇಲ್ಲದೆ ಹಿಟ್ಟನ್ನೇ ನೆನೆಸುತ್ತೆ. ತಟ್ಟೆ ಟೇಬಲಿಗೆ ಬರೋ ಹೊತ್ತಿಗೆ ಮೇಲೆ ಮೆತ್ತಗೆ, ಒಳಗೆ ನಾರು. ಹದಡಿ ರೋಡ್ ಕಡೆ ಇನ್ನೊಂದು ಕಡೆ ಪೋರ್ಕ್ ಚಿಲ್ಲಿ ತಿಂದಾಗಲೂ ಹೀಗೇ ಆಗಿತ್ತು. ಅಲ್ಲಂತೂ ಸಾಸಿನ ಸಿಹಿಗೆ ಒಳಗಿರೋದು ಹಂದಿಯೋ ಕೋಳಿಯೋ ಅಂತ ಹೇಳೋಕಾಗಲಿಲ್ಲ. ಬಿಲ್ಲಿನಲ್ಲಿ ಮಾತ್ರ ಹಂದಿಯೇ ಇತ್ತು.

ನಮ್ಮಲ್ಲಿ ಪ್ರತಿ ಗಾಡಿ ಮೇಲೂ ಹಕ್ಕಾ ನೂಡಲ್ಸ್ ಅಂತ ಬರೆದಿರುತ್ತೆ. ಕಲ್ಕತ್ತಾದ ಟಾಂಗ್ರಾದಲ್ಲಿ ತೊಗಲು ಹದ ಮಾಡ್ತಾ ಇದ್ದ ಹಕ್ಕಾ ಚೀನಿಯರಿಂದ ಬಂದ ಹೆಸರು ಅದು. ಆ ಜನರ ಮನೆ ಅಡುಗೆಯಲ್ಲಿ ಬಲು ಹೆಸರಾದದ್ದು ಒಣಗಿಸಿ ಉಪ್ಪು ಹಾಕಿಟ್ಟ ಸಾಸಿವೆ ಸೊಪ್ಪಿನ ಜೊತೆ ಹಬೆಯಲ್ಲಿ ಬೆಂದ ಹಂದಿ ಹೊಟ್ಟೆಯ ತುಂಡು. ನೂಡಲ್ಸ್ ದಾವಣಗೆರೆ ತನಕ ಬಂತು, ಹಂದಿ ದಾರಿಯಲ್ಲೇ ಎಲ್ಲೋ ಇಳಿದುಕೊಂಡಿತು. ಈ ಹೋಟೆಲಿನವರು ಅದನ್ನ ಹತ್ತಿಸಿಕೊಂಡು ಬರೋ ಕೆಲಸ ಮಾಡ್ತಾ ಇದಾರೆ, ಹೇಳಿಕೊಳ್ಳದೆ.

ಅಡುಗೆಯವರು ಡಾರ್ಜಿಲಿಂಗ್ ಕಡೆಯವರು, ಓನರ್ ಇಲ್ಲಿಯವರೇ. ಇಬ್ಬರೂ ಬೆಂಗಳೂರಿನ ಒಂದೇ ಕಿಚನ್‌ನಲ್ಲಿ ಕೆಲಸ ಮಾಡಿದವರಂತೆ. ಆರು ಟೇಬಲ್, ಒಂದು ಕೈ ತೊಳೆಯೋ ಬೇಸಿನ್, ಅಡುಗೆಮನೆಗೂ ನಮಗೂ ನಡುವೆ ಎದೆಮಟ್ಟದ ಗೋಡೆ ಅಷ್ಟೇ. ಹಾಗಾಗಿ ಏನು ನಡೀತಾ ಇದೆ ಅಂತ ಕೂತಲ್ಲೇ ಕಾಣುತ್ತೆ.

ಎರಡನೇ ಪುಟದಲ್ಲಿ 'ಡಬಲ್ ಕುಕ್' ಅಂತ ಬರೆದಿರೋದನ್ನ ತಗೊಳ್ಳಿ. ಚೀನಾದ ಸಿಚುವಾನ್ ಪ್ರಾಂತ್ಯದ ಮನೆಮನೆಯ ಅಡುಗೆ ಇದು, ಅಲ್ಲಿ ಹುಯಿಗುಒರೊ ಅಂತಾರೆ. ಹೊಟ್ಟೆ ಭಾಗದ ದೊಡ್ಡ ತುಂಡನ್ನ ಇಡಿಯಾಗಿ ಶುಂಠಿ ನೀರಿನಲ್ಲಿ ಬೇಯಿಸಿ, ಆರಿಸಿ, ಗಟ್ಟಿಯಾದ ಮೇಲೆ ತೆಳ್ಳಗೆ ಹೆಚ್ಚಿ, ಮತ್ತೆ ಬಾಣಲೆಗೆ ಹಾಕೋದು. ಇವರು ಬಾಣಲೆಗೆ ಎಣ್ಣೆಯನ್ನ ಬರೀ ಒರೆಸಿದ ಹಾಗೆ ಹಾಕ್ತಾರೆ. ತುಂಡುಗಳು ಬಿದ್ದ ಸ್ವಲ್ಪ ಹೊತ್ತಿಗೆ ನೆಣ ಕರಗಿ ಬಾಣಲೆಯಲ್ಲಿ ತನ್ನಷ್ಟಕ್ಕೆ ತುಪ್ಪ ಬಿಡುತ್ತೆ, ಅಂಚು ಮಡಿಸಿಕೊಂಡು ಸಣ್ಣ ದೊನ್ನೆ ಆಗುತ್ತೆ. ಆ ದೊನ್ನೆ ಆಗೋ ತನಕ ಅವರು ಸೌಟು ಆಡಿಸೋದೇ ಇಲ್ಲ. ಆಮೇಲೆ ಮೆಣಸಿನ ಪೇಸ್ಟು, ಬೆಳ್ಳುಳ್ಳಿ, ಕೊನೆಗೆ ಈರುಳ್ಳಿ ಸೊಪ್ಪು ಉದ್ದುದ್ದ ಕತ್ತರಿಸಿ ಒಂದು ಹಿಡಿ. ಸಿಚುವಾನ್‌ನಲ್ಲಿ ಹಾಕೋದು ದೊಡ್ಡ ಅವರೆಯಂಥ ಕಾಳು ಮತ್ತು ಮೆಣಸಿನಕಾಯಿ ಹುದುಗಿಸಿದ ದೋಬಾನ್‌ಜಿಯಾಂಗ್. ಇವರ ಹತ್ತಿರ ಅದರ ಡಬ್ಬಿ ಇದೆ, ಆದರೆ ದುಬಾರಿ ಅಂತ ಅರ್ಧ ಅದು, ಅರ್ಧ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿದ್ದು. ಬ್ಯಾಡಗಿ ನಮಗೆ ಪಕ್ಕದ ಜಿಲ್ಲೆ. ಬಣ್ಣ ಜಾಸ್ತಿ, ಖಾರ ಕಡಿಮೆ. ಈ ಕಲಬೆರಕೆ ನನಗೆ ಅಸಲಿಗಿಂತ ಹೆಚ್ಚು ಇಷ್ಟ ಆಯ್ತು ಅಂದರೆ ಚೈನೀಸ್ ಬಲ್ಲವರು ಬೈಯ್ಯಬಹುದು, ಬೈಯ್ಯಲಿ. ತಟ್ಟೆ ಕೆಂಪಗೆ ಹೊಳೀತಾ ಬರುತ್ತೆ, ಬೆರಳಿಗೆ ಬಣ್ಣ ಹತ್ತಲ್ಲ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧ ಮಾಡಿತಲ್ಲ, ಆಮೇಲೆ ಎಷ್ಟೋ ಗಾಡಿಗಳ ಗೋಬಿ ಬಿಳಚಿಕೊಂಡು ಕೂತಿತು. ಬ್ಯಾಡಗಿ ರುಬ್ಬೋರಿಗೆ ಆ ಚಿಂತೆಯೇ ಇಲ್ಲ.

ಒಂದೇ ಕೊರತೆ, ನಾಲಿಗೆ ಜುಮ್ಮೆನ್ನಿಸೋ ಸಿಚುವಾನ್ ಮೆಣಸನ್ನ ಇವರು ಅಷ್ಟು ಧಾರಾಳವಾಗಿ ಹಾಕಲ್ಲ. ಅದು ನಮ್ಮ ಕರಾವಳಿಯವರು ಬಂಗುಡೆಗೆ ಹಾಕೋ ತೆಪ್ಪಲದ ಹತ್ತಿರದ ನೆಂಟ. ಕೇಳಿದರೆ ಅಡುಗೆಯವರು "ಅಣ್ಣಾ, ಒಬ್ಬರು ಬಾಯಿಗೆ ಏನೋ ಆಯ್ತು ಅಂತ ಗಲಾಟೆ ಮಾಡಿದ್ರು" ಅಂದರು. ನಮ್ಮೂರಲ್ಲಿ ಖಾರ ಮಂಡಕ್ಕಿಗೆ ಮಿರ್ಚಿ ಕಚ್ಚಿಕೊಂಡು ಕಣ್ಣೀರು ಸುರಿಸೋರು ಇದಾರೆ, ಈ ಜುಮ್ಮಿಗೆ ಮಾತ್ರ ಹೆದರ್ತಾರೆ! ನೀವು ಬೇಕು ಅಂತ ಹೇಳಿದರೆ ಹಾಕಿಕೊಡ್ತಾರೆ, ಹೇಳಿ.

ಶನಿವಾರ ಸಂಜೆ ಮತ್ತು ಭಾನುವಾರ ಮಾತ್ರ ಸಿಗೋದು 'ರೆಡ್ ಪೋರ್ಕ್, ಅನ್ನ'. ಸಕ್ಕರೆ ಕರಗಿಸಿ ಕಂದು ಬಣ್ಣ ಬರಿಸಿ, ಸೋಯಾ, ಚಕ್ಕೆ, ಚಕ್ರಮೊಗ್ಗು ಹಾಕಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕೂರಿಸೋ ಅಡುಗೆ. ಇದರ ಹತ್ತಿರದ ಬಂಧು ಹಾಂಗ್‌ಜೊ ಊರಿನ ಡೊಂಗ್‌ಪೊ ಹಂದಿ. ಅದಕ್ಕೆ ಹೆಸರು ಬಂದಿರೋದು 1037ರಿಂದ 1101ರವರೆಗೆ ಬದುಕಿದ್ದ ಕವಿ ಸು ಡೊಂಗ್‌ಪೊ ಅವರಿಂದ. ಕವಿ ಹೆಸರಲ್ಲಿ ನಮ್ಮಲ್ಲಿ ಸರ್ಕಲ್ಲು, ಬಡಾವಣೆ ಇವೆ, ಒಂದು ಸಾರೂ ಇಲ್ಲ ನೋಡಿ. ಚೀನಾದಲ್ಲಿ ಇದಕ್ಕೆ ಅಕ್ಕಿಯಿಂದ ಮಾಡಿದ ಮದ್ಯ ಹೊಯ್ಯೋದು ಪದ್ಧತಿ. ಇಲ್ಲಿ ಅದಿಲ್ಲ, ಸಕ್ಕರೆ ಬದಲು ಬೆಲ್ಲ ಇದೆ. ಬೆಲ್ಲದಿಂದ ಸಾಸು ಸ್ವಲ್ಪ ಮಬ್ಬಾಗುತ್ತೆ, ಹೊಳಪು ಕಡಿಮೆ, ಆದರೆ ರುಚಿಗೆ ಒಂದು ಗಾಢತೆ ಬರುತ್ತೆ. ಚಮಚ ಒತ್ತಿದರೆ ತೊಗಲು ಅಲುಗಾಡುತ್ತೆ, ನೆಣ ಜಾರಿ ಅನ್ನದ ಮೇಲೆ ಬೀಳುತ್ತೆ, ಖಂಡ ಎಳೆ ಎಳೆಯಾಗಿ ಬಿಡುತ್ತೆ. ಅನ್ನ ಬಾಸ್ಮತಿ ಅಲ್ಲ, ನಮ್ಮ ಸೋನಾ ಮಸೂರಿ, ಸ್ವಲ್ಪ ಮೆತ್ತಗೆ ಮಾಡಿರ್ತಾರೆ. ಆ ಸಾಸಿಗೆ ಅದೇ ಸರಿ. ಭಾನುವಾರ ಮಧ್ಯಾಹ್ನ ಎರಡರ ಮೇಲೆ ಹೋದರೆ ಖಾಲಿ ಪಾತ್ರೆ ತೋರಿಸ್ತಾರೆ.

ಮೊಮೊ ಬಗ್ಗೆ ಜಾಸ್ತಿ ಹೇಳೋದಿಲ್ಲ. ಚೆನ್ನಾಗಿದೆ. ಹೊದಿಕೆ ತೆಳ್ಳಗಿದೆ, ಕಚ್ಚಿದರೆ ರಸ ಬರುತ್ತೆ, ಎಂಟಕ್ಕೆ 120 ರೂಪಾಯಿ. ಕೆಂಪು ಚಟ್ನಿ ಅಷ್ಟಕ್ಕಷ್ಟೇ. ಸೂಪ್ ಕೇಳಬೇಡಿ, ಕಾರ್ನ್‌ಫ್ಲೋರ್ ಗಂಜಿ.

ಈಗ ಎಲ್ಲರೂ ಕೇಳೋ ಮಾತಿಗೆ ಬರ್ತೀನಿ. "ಹಂದಿ ತಿಂತೀರಾ? ಊರಲ್ಲಿ ಚರಂಡೀಲಿ ಬಿದ್ದಿರ್ತಾವಲ್ರೀ!" ಬೀದಿ ಹಂದಿ ಹಿಡಿಸ್ರಪ್ಪ ಅಂತ ಪಾಲಿಕೆಯವರ ಬೆನ್ನು ಬಿದ್ದ ಬಡಾವಣೆಯವರಿಗೆ ಹಂದಿ ಅಂದ ತಕ್ಷಣ ಅದೇ ಕಣ್ಣ ಮುಂದೆ ಬರೋದು ಸಹಜ. ಇಲ್ಲಿ ಬರೋದು ಸೀಮೆ ಹಂದಿ, ಫಾರ್ಮಿನಲ್ಲಿ ಕಟ್ಟಿ ಸಾಕಿದ ಬಿಳೀ ಯಾರ್ಕ್‌ಷೈರ್ ತಳಿ. ಮಾಲು ಐಸ್ ಬಾಕ್ಸಿನಲ್ಲಿ ಬಂದು ಇಳಿಯೋದನ್ನ ನೋಡಿದ್ದೀನಿ. ತೊಗಲು ಬಿಳೀ, ನೆಣ ಗಟ್ಟಿ, ವಾಸನೆ ಇಲ್ಲ.

ಎರಡನೇ ಭಯ ಹುಳದ್ದು. ದಿನಾ ಡಾಕ್ಟರುಗಳ ಬಾಗಿಲು ಕಾಯೋನು ನಾನು, ಇದನ್ನ ಸರಿಯಾಗಿ ಕೇಳಿ ತಿಳಕೊಂಡಿದ್ದೀನಿ. ಅರೆಬೆಂದ ಹಂದಿ ಮಾಂಸದಿಂದ ಕರುಳಿಗೆ ಲಾಡಿಹುಳ ಬರಬಹುದು. ಆದರೆ ಫಿಟ್ಸ್ ತರೋ ಮಿದುಳಿನ ಗಂಟು ಬರೋದು ಆ ಹುಳದ ಮೊಟ್ಟೆ ಹೊಟ್ಟೆಗೆ ಹೋದಾಗ. ಮೊಟ್ಟೆ ಬರೋದು ಮಾಂಸದಿಂದಲ್ಲ, ಹುಳ ಇರೋ ಮನುಷ್ಯರ ಮಲ ಸೋಕಿದ ನೀರು, ಸರಿಯಾಗಿ ತೊಳೆಯದ ತರಕಾರಿ, ತೊಳೆಯದ ಕೈಯಿಂದ. ಹಂದಿ ಮುಟ್ಟದೇ ಇರೋರಿಗೂ ಅದಕ್ಕೇ ಬರುತ್ತೆ. ಗಂಟೆಗಟ್ಟಲೆ ಕುದಿದ ಹಂದಿಗೆ ಹೆದರೋ ಬದಲು ತಟ್ಟೆ ಪಕ್ಕ ಇಡೋ ಹಸಿ ಎಲೆಕೋಸಿಗೆ ಹೆದರಿ. ಇಲ್ಲೂ ಅದನ್ನ ಇಡ್ತಾರೆ. ನಾನು ಮುಟ್ಟಲ್ಲ.

ಬೇಸರದ ವಿಷಯಗಳೂ ಇವೆ. ಸಸ್ಯಾಹಾರಿಗಳನ್ನ ಕರಕೊಂಡು ಹೋಗಬೇಡಿ. ಗೋಬಿ ಕರಿಯೋ ಎಣ್ಣೆ ಬೇರೆ ಇದೆಯಾ ಅಂತ ಕೇಳಿದೆ, ಬಾಣಲೆ ಬೇರೆ ಅಂದರು. ಎಣ್ಣೆ ಬಗ್ಗೆ ಮಾತು ತೇಲಿಸಿದರು. ಬಾಗಿಲಲ್ಲಿ ಅಷ್ಟು ದಪ್ಪ ಅಕ್ಷರ ಹಾಕಿದವರು ಇದನ್ನೂ ಒಂದು ಸಾಲು ಬರೆಯಬೇಕಿತ್ತು. ಫ್ಯಾನ್ ಎರಡೇ, ಏಪ್ರಿಲ್ ಮೇ ತಿಂಗಳಲ್ಲಿ ಬಾಣಲೆ ಕಡೆಯ ಟೇಬಲಿನಲ್ಲಿ ಕೂತರೆ ನೀವೂ ಡಬಲ್ ಕುಕ್. ಕೆಲಸದ ಹುಡುಗ ಒಬ್ಬನೇ, ಪಾಪ, ಹಾಸ್ಟೆಲ್ ಗುಂಪು ನುಗ್ಗಿತು ಅಂದರೆ ನೀರಿಗೂ ಕಾಯಬೇಕು.

ಸೋಮವಾರ ಹೋಗಬೇಡಿ. ನಮ್ಮೂರಲ್ಲಿ ಅವತ್ತು ಮಾಂಸ ಮುಟ್ಟದವರೇ ಹೆಚ್ಚು, ವ್ಯಾಪಾರ ಇರಲ್ಲ, ಭಾನುವಾರ ಉಳಿದದ್ದೇ ಬಿಸಿಯಾಗಿ ಬರುತ್ತೆ. ಶ್ರಾವಣದಲ್ಲಂತೂ ಇವರು ಬೇಗ ಬಾಗಿಲು ಎಳೀತಾರೆ. ಬುಧವಾರ, ಶುಕ್ರವಾರ ಸಂಜೆ ಏಳರ ಸುಮಾರಿಗೆ ಒಳ್ಳೇದು, ಹೊಸ ಮಾಲು ಬಂದಿರುತ್ತೆ, ಗಲಾಟೆ ಇರಲ್ಲ.

ಡಬಲ್ ಕುಕ್ ಹಾಫ್ 190, ಫುಲ್ 340. ರೆಡ್ ಪೋರ್ಕ್ ಅನ್ನದ ಜೊತೆ 220. ಇಬ್ಬರಿಗೆ ಒಂದು ಹಾಫ್, ಒಂದು ಮೊಮೊ, ಒಂದು ಅನ್ನ ಸಾಕು. ಫೋನ್‌ಪೇ ನಡೆಯುತ್ತೆ. ಪಾರ್ಸೆಲ್ ಕೊಡ್ತಾರೆ, ಆದರೆ ಡಬಲ್ ಕುಕ್ ಪಾರ್ಸೆಲ್ ತಗೋಬೇಡಿ, ಮನೆ ಸೇರೋ ಹೊತ್ತಿಗೆ ನೆಣ ಹೆಪ್ಪುಗಟ್ಟಿ ಡಬ್ಬಿಗೆ ಅಂಟಿರುತ್ತೆ. ರೆಡ್ ಪೋರ್ಕ್ ತಗೊಂಡು ಹೋಗಬಹುದು, ಮಾರನೇ ದಿನ ಬಿಸಿ ಮಾಡಿದರೆ ಇನ್ನೂ ರುಚಿ. ಬಾಡಿಗೆ ಮನೆಯವರು ಬಿಸಿ ಮಾಡೋವಾಗ ಕಿಟಕಿ ಹಾಕ್ಕೊಳ್ಳಿ, ಚಕ್ರಮೊಗ್ಗಿನ ಘಮ ಮಹಡಿ ಇಳಿದು ಓನರ್ ಮನೆಗೆ ಹೋಗುತ್ತೆ, ಏನು ಅಡುಗೆ ಅಂತ ಕೇಳಿಕೊಂಡು ಬರ್ತಾರೆ.